ಬಾವಿಗೆ ಬಿದ್ದರೂ ನಡೆದ ಕಂಪ್ಯೂಟರ್

ವಿಜಯಪುರದ ಜೋರಾಪುರ ಪೇಟೆಯ ಮಲಕಾಜಪ್ಪನಿಗೆ ಬದುಕಿನಲ್ಲಿ ಎರಡೇ ಎರಡು ಆಸೆ. ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಹೋಗಿ ಬಿಸಿ ಜೋಳದ ರೊಟ್ಟಿ ಉಣ್ಣಬೇಕು. ಉಂಡ ಮೇಲೆ ಅರ್ಧ ತಾಸು ಅಡ್ಡಾಗಬೇಕು. ಇಷ್ಟು ಸಣ್ಣ ಆಸೆಯನ್ನು ದೇವರೂ ಮನ್ನಿಸಿ, ಒಣದ್ರಾಕ್ಷಿ ಬೆಳೆಗಾರರ ಸಂಘದ ಮುಖ್ಯ ಕಚೇರಿಯನ್ನು ಅವನ ಮನೆಯಿಂದ ನಾಲ್ಕನೇ ಬಾಗಿಲಿಗೆ ಇಟ್ಟಿದ್ದ. ಅಲ್ಲಿ ಇಪ್ಪತ್ತೆರಡು ವರ್ಷ ಹೆಡ್ ಕ್ಲಾರ್ಕ್ ಆಗಿ ಕೂತ ಮಲಕಾಜಪ್ಪ ಒಂದು ದಿನವೂ ಆರಿದ ರೊಟ್ಟಿ ತಿಂದವನಲ್ಲ.

ಅಂಥವನ ತಲೆಯ ಮೇಲೆ ಸಂಘದ ಅಧ್ಯಕ್ಷ ಗುರಲಿಂಗಪ್ಪನವರು ತಿಂಗಳ ಸಭೆಯಲ್ಲಿ ಕಲ್ಲು ಹಾಕಿದರು.

“ಕನಮಡ್ಯಾಗ ಹೊಸಾ ಶಾಖಾ ತೆರಿಯಾಕತ್ತೀವಿ. ಅಲ್ಲಿಗೆ ಒಬ್ಬ ಅನುಭವಸ್ತ ಮನಶ್ಯಾ ಬೇಕು.”

ಅನುಭವಸ್ಥ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಭೆಯಲ್ಲಿದ್ದ ನೌಕರರೆಲ್ಲ ಒಮ್ಮೆಗೇ ಹೊಸಬರಾಗಿ ನೆಲ ನೋಡತೊಡಗಿದರು. ಮಲಕಾಜಪ್ಪನೂ ನೋಡಿದ. ಆದರೆ ತಲೆ ಬಗ್ಗಿಸಿದಷ್ಟೂ ಅವನ ನರೆಗೂದಲು ಹೆಚ್ಚು ಕಾಣುತ್ತಿತ್ತು. ಅಧ್ಯಕ್ಷರ ಕಣ್ಣು ನೇರವಾಗಿ ಅಲ್ಲಿಗೇ ಬಂದು ನಿಂತಿತು. ಕನಮಡಿ ಕೆಟ್ಟ ಊರೆಂದಲ್ಲ, ಒಳ್ಳೆಯ ದೊಡ್ಡ ಊರು. ಆದರೆ ಮಲಕಾಜಪ್ಪನ ಹೆಂಡತಿ ದಾನೇಶ್ವರಿಯ ಒಲೆ ಅಲ್ಲಿರಲಿಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರಲ್ಲ, ಮಲಕಾಜಪ್ಪನ ಕೈಗೆ ಸಿಕ್ಕಿದ್ದು ಇಂಗ್ಲಿಷಿನ ಎರಡು ಶಬ್ದ.

“ಸಾಹೇಬ್ರ, ನಾ ಹೋಗಾಕ ತುದಿಗಾಲ ಮ್ಯಾಲ ನಿಂತೀನ್ರಿ. ಆದ್ರ ನಾ ಹ್ವಾದ ಮ್ಯಾಲ ನಮ್ಮ ಆಫೀಸಿನ ಕಂಪ್ಯೂಟರ್ ಎಲ್ಲಾ ಯಾರು ನೋಡವ್ರು? ಇನ್ನ ಮ್ಯಾಲ ನಾ ಇಲ್ಲೇ ಈ ಖುರ್ಚಿ ಮ್ಯಾಲ ಕುಂತು ನಮ್ಮ ತಿಕೋಟಾ ಶಾಖಾದ ಕಂಪ್ಯೂಟರ್ ಓಡಸಾಂವ ಅದೀನ್ರಿ. ರಿಮೋಟ್ ಡೆಸ್ಕ್‌ಟಾಪ್ ಅಂತಾರ್ರಿ ಅದಕ್ಕ!”

ಈ ವಿದ್ಯೆಯನ್ನು ಅವನು ಒಂದೇ ಸಲ ನೋಡಿದ್ದ. ಹಿಂದೊಮ್ಮೆ ಪ್ರಿಂಟರ್ ಕೆಟ್ಟಾಗ ಯಾವನೋ ಕಂಪನಿಯವನು ಎಲ್ಲಿಯೋ ಕೂತು ಇವನ ಪರದೆಯ ಮೇಲಿನ ಬಾಣ ಓಡಾಡಿಸಿದ್ದ. ಮಲಕಾಜಪ್ಪ ಕೈಕಟ್ಟಿ ಕೂತು ಅದನ್ನು ನೋಡಿ, ನೋಡಿದ್ದೆಲ್ಲ ಕಲಿತಂತೆ ಎಂದುಕೊಂಡಿದ್ದ. ಹಾಗೆ ನೋಡಿದರೆ ಮದುವೆಗೆ ಹೋಗಿ ಉಂಡವರೆಲ್ಲ ಮಂತ್ರ ಹೇಳಬೇಕಿತ್ತು.

ಅಧ್ಯಕ್ಷರು ಹಿಗ್ಗಿ ಹೋದರು. “ಹೌದೇನಲೇ? ಹಂಗಾರ ಸೋಮವಾರ ಮೂರು ಗಂಟೇಕ್ಕ ಎಲ್ಲಾ ಸದಸ್ಯರ ಮುಂದ ಮಾಡಿ ತೋರ್ಸು. ಆತು ಅಂದ್ರ ನೀನ ನಮ್ಮ ಸಂಘದ ಕಂಪ್ಯೂಟರ್ ಸಾಹೇಬ. ಆಗ್ಲಿಲ್ಲಾ, ಮಂಗಳವಾರ ಮುಂಜಾನಿ ಕನಮಡಿ ಬಸ್ಸು.”

ಸಂಜೆಯೊಳಗೆ ದಾನೇಶ್ವರಿ ಇಡೀ ಓಣಿಗೆ ಸುದ್ದಿ ಮುಟ್ಟಿಸಿದಳು. ಹೇಳುತ್ತ ಹೇಳುತ್ತ ಸುದ್ದಿ ಬೆಳೆಯಿತು. ಪಕ್ಕದ ಮನೆಯ ಮಾಶಾಬಿಗೆ ಅದು ತಲುಪುವ ಹೊತ್ತಿಗೆ, ಮಲಕಾಜಪ್ಪ ಕೂತಲ್ಲಿಂದಲೇ ತಿಕೋಟಾಕ್ಕೆ ಹೋಗಿ ಬರುವ ಸಿದ್ಧಪುರುಷನಾಗಿದ್ದ.

“ಹೌದೇನ ದಾನಕ್ಕಾ?” ಎಂದಳು ಮಾಶಾಬಿ. “ಹೆಂಗೂ ಹೊಂಟಾರ, ಬರೂ ಮುಂದ ಎರಡು ಕಿಲೋ ದ್ರಾಕ್ಷಿ ತರಾಕ ಹೇಳ ಬೇ. ಅಲ್ಲಿ ತ್ವಾಟದಾಗ ಛೊಲೋ ಸಿಗತಾವ.”

ಭಾನುವಾರ ಮಲಕಾಜಪ್ಪ ಕುತುಬುದ್ದೀನನ ಅಂಗಡಿ ಹುಡುಕಿಕೊಂಡು ಹೋದ. ವಿಜಯಪುರ, ತಿಕೋಟಾ, ಬಬಲೇಶ್ವರ ಈ ಮೂರೂ ಕಚೇರಿಗಳಿಗೆ ವೈರು ಎಳೆದು ಒಂದೇ ನೆಟ್‌ವರ್ಕಿಗೆ ಜೋಡಿಸಿದವನು ಅವನೇ. ಐವತ್ತು ದಾಟಿದವನು, ನಿಧಾನದ ಮನುಷ್ಯ. ಗೊತ್ತಿಲ್ಲ, ಹೇಳಿಕೊಡು ಎಂದು ಅವನನ್ನು ಕೇಳಬಹುದಿತ್ತು. ಆದರೆ ಹೆಡ್ ಕ್ಲಾರ್ಕಿಗೆ ಅಷ್ಟು ಸರಳವಾಗಿ ಬಾಯಿ ತೆರೆಯಲು ಬರುತ್ತದೆಯೇ?

“ಕುತುಬುದ್ದೀನ್ ಸಾಹೇಬ್ರ, ರಿಮೋಟ್ ಡೆಸ್ಕ್‌ಟಾಪ್ ನನಗ ಪೂರಾ ಗೊತ್ತೈತಿ. ನಿಮಗೆಷ್ಟು ಗೊತ್ತೈತಿ ಅಂತ ನೋಡಾಕ ಬಂದೀನಿ.”

ಕುತುಬುದ್ದೀನ ನಗಲಿಲ್ಲ. ಚಹಾ ತರಿಸಿ ಪರೀಕ್ಷೆ ಬರೆಯುವವನ ಹಾಗೆ ಹೇಳಿದ. “ಆ ಕಡೆ ಕಂಪ್ಯೂಟರ್ ಚಾಲೂ ಇರಬೇಕ್ರಿ. ಹೊರಗಿನವ್ರನ್ನ ಒಳಗ ಬಿಡಾಕ ಪರವಾನಿಗಿ ಬೇಕು, ಅದನ್ನ ನಾ ಆಗಲೇ ಕೊಟ್ಟೀನಿ. ಫೈರ್‌ವಾಲ್ ಅನ್ನೂ ಕಾವಲಗಾರಗೂ ಹೇಳಿಟ್ಟೀನಿ. ನೀವು ಇಲ್ಲಿ ಆ ಕಂಪ್ಯೂಟರಿನ ಹೆಸರು ಹೊಡೀಬೇಕು. ತಿಕೋಟಾದ ಕಂಪ್ಯೂಟರಿಗೆ ತಿಕೋಟಾ ಅಂತಲೇ ಹೆಸರಿಟ್ಟೀನಿ. ಆ ಮ್ಯಾಲ ಪಾಸ್‌ವರ್ಡು. ಅದು ನಿಮ್ಮ ಮೂರೂ ಆಫೀಸಿಗೆ ಒಂದೇ ಐತಿ, ಬ್ಯಾಡ ಅಂದ್ರೂ ನೀವು ಕೇಳಲಿಲ್ಲ.”

“ಬರೋಬ್ಬರಿ!” ಎಂದ ಮಲಕಾಜಪ್ಪ, ಎಲ್ಲವನ್ನೂ ಅಂಗೈ ಮೇಲೆ ಬರೆದುಕೊಳ್ಳುತ್ತ.

“ಇನ್ನೊಂದು ಮುಖ್ಯ ಮಾತೈತ್ರಿ. ಆ ಕಂಪ್ಯೂಟರಿಗೆ ಇರೂದು ಒಂದ ಖುರ್ಚಿ ಅಂತ ತಿಳ್ಕೋರಿ. ನೀವು ಇಲ್ಲಿಂದ ಹೊಕ್ರಿ ಅಂದ್ರ ಅದರ ಮುಂದ ಕುಂತಾಂವ ಹೊರಗ. ಅಂವ ಮತ್ತ ಹೊಕ್ಕ ಅಂದ್ರ ನೀವು ಹೊರಗ.”

ಸರಿಯಾಗಿ ಆ ಕ್ಷಣಕ್ಕೆ ಮಲಕಾಜಪ್ಪನ ಬಿಸ್ಕೀಟು ಚಹಾದಲ್ಲಿ ಮುರಿದು ಬಿತ್ತು. ಅದನ್ನು ಮೇಲೆತ್ತುವುದರಲ್ಲಿ ಅವನು ಮುಳುಗಿಹೋದ. ಬಿಸ್ಕೀಟು ಉಳಿಯಿತು, ಮಾತು ಹೋಯಿತು.

ಇಲ್ಲಿ ಓದುಗರ ಕಿವಿಯಲ್ಲಿ ಒಂದು ಗುಟ್ಟು ಹೇಳದಿದ್ದರೆ ನನಗೂ ಊಟ ಸೇರುವುದಿಲ್ಲ. ತಿಕೋಟಾದ ಕಂಪ್ಯೂಟರ್ ತಿಕೋಟಾದಲ್ಲಿ ಇರಲೇ ಇಲ್ಲ! ಎರಡು ತಿಂಗಳ ಹಿಂದೆ ಬಬಲೇಶ್ವರ ಶಾಖೆಯ ಕಂಪ್ಯೂಟರ್ ಕೆಟ್ಟಿತು. ಹೊಸದಕ್ಕೆ ಅರ್ಜಿ ಹಾಕಿದರೆ ಮೂರು ಸಹಿ, ನಾಲ್ಕು ತಿಂಗಳು. ಅಲ್ಲಿಯ ಕ್ಲಾರ್ಕ್ ಶಾಂತಪ್ಪ ಅರ್ಜಿ ಬರೆಯುವ ಬದಲು ಗಾಡಿ ತೆಗೆದುಕೊಂಡು ತಿಕೋಟಾಕ್ಕೆ ಹೋದ. ಅಲ್ಲಿಯ ಮ್ಯಾನೇಜರ್ ದೇವಾನಂದ ತನ್ನ ಕಂಪ್ಯೂಟರನ್ನು ಹೊದೆಯುವ ದುಪ್ಪಡಿಯಲ್ಲಿ ಕಟ್ಟಿ ಕೈಗಡ ಕೊಟ್ಟ. ಮದುವೆ ಮನೆಗೆ ಅಡುಗೆಯ ದೊಡ್ಡ ಪಾತೇಲಿ ಕೊಡುವುದಿಲ್ಲವೇ, ಹಾಗೆ. ಕಾಗದವಿಲ್ಲ, ಸಹಿಯಿಲ್ಲ, ನಾಳೆ ಕೊಡ್ತೀನಿ ಎಂಬ ಮಾತಷ್ಟೇ. ನಮ್ಮ ಕಡೆ ಪಾತೇಲಿ ಎಂದಾದರೂ ನಾಳೆ ವಾಪಸು ಬಂದದ್ದುಂಟೇ? ದೇವಾನಂದ ಅಂದಿನಿಂದ ಬಬಲೇಶ್ವರಕ್ಕೆ ಫೋನು ಮಾಡಿ ಕೆಲಸ ಸಾಗಿಸುತ್ತಿದ್ದ. ಈ ವಾರ ರಜೆ ಹಾಕಿ ಹೋಗುವಾಗ ಕಚೇರಿಯ ಆಯಾ ಸೋನಾಬಾಯಿಗೆ ಒಂದೇ ಒಂದು ಪಾಠ ಹೇಳಿ ಹೋಗಿದ್ದ: “ಹೆಡ್ ಆಫೀಸಿನವ್ರು ಫೋನ್ ಹಚ್ಚಿ ಏನ ಕೇಳಿದ್ರೂ ಹೌದ್ರಿ ಅನಬೇಕು.”

ಇನ್ನೂ ಒಂದಿದೆ. ಬಬಲೇಶ್ವರದ ಶಾಂತಪ್ಪ ಬರೀ ಕ್ಲಾರ್ಕಲ್ಲ, ಮಲಕಾಜಪ್ಪನ ಬೀಗ. ಇವನ ಮಗಳನ್ನು ಅವನ ಮಗನಿಗೆ ಕೊಟ್ಟಿತ್ತು. ಬೀಗರ ನಡುವಿನ ಮರ್ಯಾದೆ ಎಂಥದೆಂದು ಬಲ್ಲವರೇ ಬಲ್ಲರು. ಒಬ್ಬರನ್ನೊಬ್ಬರು ನೋಡಿದರೆ ಬಗ್ಗುವುದೇ ಬಗ್ಗುವುದು, ನಡು ಮುರಿಯುವ ತನಕ. ಅಂಥ ಬೀಗನೆದುರು ಕೈಗಡದ ಕಂಪ್ಯೂಟರಿನ ಮಾತು ತೆಗೆಯಲು ಶಾಂತಪ್ಪನಿಗೆ ನಾಲಿಗೆ ಏಳಲಿಲ್ಲ.

ಸೋಮವಾರ ಮೂರು ಗಂಟೆ. ವಿಜಯಪುರದ ಕಚೇರಿಯಲ್ಲಿ ಅಧ್ಯಕ್ಷರು ಮುಂದೆ, ಹನ್ನೆರಡು ಸದಸ್ಯರು ಹಿಂದೆ, ಕಿಟಕಿಯಲ್ಲಿ ದಾನೇಶ್ವರಿ, ಅವಳ ಹೆಗಲ ಮೇಲೆ ಗದ್ದ ಊರಿದ ಮಾಶಾಬಿ, ಅವರ ಹಿಂದೆ ಓಣಿಗೆ ಓಣಿಯೇ. ಮಲಕಾಜಪ್ಪ ಮೌಸಿಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಅಂಗೈ ನೋಡಿಕೊಂಡು ತಿಕೋಟಾ ಎಂದು ಬಡಿದ. ಪರದೆ ಯೋಚಿಸಿತು. ಆ ಹೆಸರಿನ ಕಂಪ್ಯೂಟರ್ ಸಿಗುತ್ತಿಲ್ಲ ಎಂದಿತು.

ಮಲಕಾಜಪ್ಪ ಬೆವರು ಒರೆಸಿಕೊಂಡು ತಿಕೋಟಾಕ್ಕೆ ಫೋನು ಹಚ್ಚಿದ. “ಸೋನಾಬಾಯಿ, ಕಂಪ್ಯೂಟರ್ ಚಾಲೂ ಐತಿಲ್ಲೋ?”

“ಹೌದ್ರಿ,” ಎಂದಳು ಸೋನಾಬಾಯಿ, ಖಾಲಿ ಮೇಜಿನ ಧೂಳು ಒರೆಸುತ್ತ.

“ಲೈಟ್ ಹತ್ತೈತಿ?”

“ಹೌದ್ರಿ.”

“ಹಂಗಾರ ಬಂದ್ ಮಾಡಿ ಮತ್ತೊಮ್ಮಿ ಹಚ್ಚು.”

“ಹಚ್ಚೀನ್ರಿ.”

ಯೋಗಾಯೋಗ ಎಂದರೆ ಇದೇ. ಸೋನಾಬಾಯಿ ಹಚ್ಚೀನ್ರಿ ಎನ್ನುವುದಕ್ಕೂ, ಎರಡು ತಾಸಿನಿಂದ ಹೋಗಿದ್ದ ಕರೆಂಟು ಬಬಲೇಶ್ವರದಲ್ಲಿ ಬರುವುದಕ್ಕೂ ಸರಿಹೋಯಿತು. ಶಾಂತಪ್ಪ ತನ್ನ, ಅಂದರೆ ತಿಕೋಟಾದ, ಕಂಪ್ಯೂಟರ್ ಚಾಲೂ ಮಾಡಿ ಚಹಾ ಕುಡಿಯಲು ಎದ್ದುಹೋದ. ಊರು ಬದಲಾದರೂ ಆ ಕಂಪ್ಯೂಟರಿನ ಹೆಸರು ತಿಕೋಟಾ ಎಂದೇ ಇತ್ತು. ಇಲ್ಲಿ ಮಲಕಾಜಪ್ಪ ಮತ್ತೆ ಹೆಸರು, ಪಾಸ್‌ವರ್ಡು ಬಡಿದದ್ದೇ ಪರದೆ ಫಳಕ್ಕನೆ ತೆರೆಯಿತು!

“ಹೊಕ್ಕೆ!” ಎಂದು ಕೂಗಿದ ಮಲಕಾಜಪ್ಪ. “ತಿಕೋಟಾದಾಗ ಹೊಕ್ಕೆ! ಸೋನಾಬಾಯಿ, ಬಾಣ ಓಡ್ಯಾಡಾಕತ್ತೈತಿ?”

“ಹೌದ್ರಿ, ಭಾಳ ಛಂದ ಓಡ್ಯಾಡಾಕತ್ತೈತ್ರಿ.”

ಚಪ್ಪಾಳೆಯೋ ಚಪ್ಪಾಳೆ. ದಾನೇಶ್ವರಿಯ ಕಣ್ಣಲ್ಲಿ ನೀರೇ ಬಂತು. ಮಾಶಾಬಿ ಕಿಟಕಿಯೊಳಗೆ ಕೈ ಹಾಕಿ, “ಅಣ್ಣಾರ, ದ್ರಾಕ್ಷಿ ಮರೀಬ್ಯಾಡ್ರಿ!” ಎಂದು ಕೂಗಿದಳು. ಆ ಹಿಗ್ಗಿನಲ್ಲಿ ಮಲಕಾಜಪ್ಪ ಒಂದು ಹಾಳೆ ತೆರೆದು ಸಂಘಕ್ಕೆ ಜಯವಾಗಲಿ ಎಂದು ಬಡಿಯತೊಡಗಿದ. ಜಯದ ಯಕಾರಕ್ಕೆ ಬರುವಷ್ಟರಲ್ಲಿ ಪರದೆ ಮುಚ್ಚಿಕೊಂಡಿತು. ಬೇರೊಬ್ಬರು ಆ ಕಂಪ್ಯೂಟರಿಗೆ ಬಂದಿದ್ದಾರೆ ಎಂಬ ಒಂದು ಸಾಲು ಮಾತ್ರ ಉಳಿಯಿತು. ಬಬಲೇಶ್ವರದಲ್ಲಿ ಶಾಂತಪ್ಪನ ಚಹಾ ಮುಗಿದಿತ್ತು.

“ಬ್ಯಾರೇದವ್ರು?” ಅಧ್ಯಕ್ಷರು ಎದ್ದು ನಿಂತರು. “ಯಾರಲೇ ಅಂವ?”

“ಸೋನಾಬಾಯಿ, ಅಲ್ಲಿ ಬ್ಯಾರೆ ಯಾರರೆ ಅದಾರೇನು?” ಎಂದ ಮಲಕಾಜಪ್ಪ ಫೋನಿನಲ್ಲಿ.

“ಹೌದ್ರಿ.”

“ಕಂಪ್ಯೂಟರ್ ಮುಂದ ಕುಂತಾರ?”

“ಹೌದ್ರಿ.”

“ಕಳ್ಳರಂಗ ಅದಾರೇನು?”

“ಹೌದ್ರೀಪಾ.”

ಕಳ್ಳ ಎಂಬ ಮಾತಿಗೆ ಕಚೇರಿಯಲ್ಲಿ ಸಂಚಲನ ಎದ್ದಿತು. ಕಿಟಕಿಯಿಂದ ಹೊರಟ ಸುದ್ದಿ ಓಣಿಯ ತುದಿ ಮುಟ್ಟುವಾಗ ತಿಕೋಟಾಕ್ಕೆ ಏಳು ಜನ ಕಳ್ಳರು ಜೀಪಿನಲ್ಲಿ ಬಂದಿದ್ದರು. ಮಲಕಾಜಪ್ಪ ಫೋನು ಇಟ್ಟು, ತೋಳೇರಿಸಿ ಮತ್ತೆ ಹೊಕ್ಕ. ಪರದೆ ತೆರೆಯಿತು. ತಾನು ಅರ್ಧ ಬಿಟ್ಟ ಹಾಳೆಯ ಕೆಳಗೆ ಯಾರೋ ಬರೆದಿದ್ದರು: ಯಾವನಲೇ ನೀನು?

ಶಾಂತಪ್ಪನಿಗಾದರೂ ಏನು ಗೊತ್ತು? ತನ್ನ ಕಂಪ್ಯೂಟರಿನಲ್ಲಿ ತಾನು ಬರೆಯದ ಜಯಘೋಷ ಕಂಡು ಅವನೇ ಹಾಗೆ ಕೇಳಿ ಬರೆದಿದ್ದ. ಮಲಕಾಜಪ್ಪ ಹಲ್ಲು ಕಡಿದು ಉತ್ತರ ಬಡಿದ: ನಿಮ್ಮಪ್ಪ!

ಪರದೆ ಮುಚ್ಚಿತು. ಕೂಡಲೇ ಫೋನು ಹೊಡೆದುಕೊಂಡಿತು. ಶಾಂತಪ್ಪ!

“ನಮಸ್ಕಾರ್ರಿ ಬೀಗ್ರ, ಊಟಾ ಆತ್ರ್ಯಾ?”

“ಆತ್ರಿ ಬೀಗ್ರ. ನಿಮ್ದ್ರಿ?”

“ಆತ್ರಿ. ಮತ್ತ ಬೀಗ್ರ, ನೀವು ಕಂಪ್ಯೂಟರಿನ್ಯಾಗ ಶಾಣ್ಯಾ ಅದೀರಿ, ಅದಕ್ಕ ಕೇಳತೀನಿ. ನಮ್ಮ ಬಬಲೇಶ್ವರದ ಕಂಪ್ಯೂಟರಿನ್ಯಾಗ ಒಬ್ಬ ಕಳ್ಳ ಹೊಕ್ಕಾನ್ರಿ! ನಮ್ಮಪ್ಪನ್ನ ತಗದು ಬೈದಾನ್ರಿ!”

“ಅಯ್ಯ ಶಿವನ! ಇಲ್ಲಿ ತಿಕೋಟಾದಾಗೂ ಹೊಕ್ಕಾನ್ರಿ ಬೀಗ್ರ!” ಎಂದ ಮಲಕಾಜಪ್ಪ. “ಅಂಜಬ್ಯಾಡ್ರಿ. ಅಂವ ಹೊರಗ ಹಾಕಿದಂಗೆಲ್ಲ ನೀವು ಒಳಗ ಹೋಗ್ರಿ. ಕೈ ಬಿಡಬ್ಯಾಡ್ರಿ!”

“ನೀವೂ ಬಿಡಬ್ಯಾಡ್ರಿ ಬೀಗ್ರ. ಇಂಥವ್ರಿಗೆ ಬರೇ ಅಪ್ಪನ್ನ ತಗದ್ರ ಸಾಲಂಗಿಲ್ಲ. ಮುದಿ ಕ್ವಾಣ ಅಂತ ಬೈರಿ!”

ಬೀಗರ ಸಲಹೆ ದೇವರ ಸಲಹೆ. ಮಲಕಾಜಪ್ಪ ಒಳಹೊಕ್ಕು ಮುದಿ ಕೋಣ ಎಂದು ದಪ್ಪ ಅಕ್ಷರದಲ್ಲಿ ಬರೆದ. ಹನ್ನೆರಡು ಸದಸ್ಯರೂ ಭಲೇ ಎಂದರು. ಪರದೆ ಮುಚ್ಚಿತು. ಅರ್ಧ ನಿಮಿಷಕ್ಕೆ ಮತ್ತೆ ಫೋನು.

“ಬೀಗ್ರ!” ಶಾಂತಪ್ಪ ಚೀರಿದ. “ಮುದಿ ಕ್ವಾಣ ಅಂತ ನನಗ ಬರದಾನ್ರಿ! ನಾ ನಿಮಗ ಹೇಳಿದ ಬೈಗಳ, ತಿರಗಿ ನನಗ ಬೈದಾನ!”

ನಿಜ ಹೊಳೆಯಬೇಕಾಗಿದ್ದ ಕ್ಷಣ ಅದು. ಹೊಳೆದದ್ದು ಬೇರೆ.

“ಅಂದ್ರ ಆ ಮಗಾ ನಮ್ಮ ಫೋನೂ ಕೇಳಾಕತ್ತಾನ್ರಿ ಬೀಗ್ರ,” ಎಂದ ಮಲಕಾಜಪ್ಪ ಪಿಸುದನಿಯಲ್ಲಿ.

“ಹೌದ್ರಿ, ಕೇಳಾಕತ್ತಾನ,” ಎಂದ ಶಾಂತಪ್ಪ ಅದಕ್ಕೂ ಸಣ್ಣ ಪಿಸುದನಿಯಲ್ಲಿ. ಇಬ್ಬರೂ ಫೋನು ಇಟ್ಟು ಮತ್ತೆ ಯುದ್ಧಕ್ಕಿಳಿದರು.

ಮುಂದಿನ ಹತ್ತು ನಿಮಿಷ ಜೋರಾಪುರ ಪೇಟೆ ಉಸಿರು ಹಿಡಿದು ನಿಂತಿತು. ಇವನು ಹೊಕ್ಕರೆ ಅವನು ಹೊರಗೆ, ಅವನು ಹೊಕ್ಕರೆ ಇವನು ಹೊರಗೆ. ಹಾಳೆ ತುಂಬಿ ಎರಡನೇ ಹಾಳೆಗೆ ಬಂತು. ಅಡ್ನಾಡಿ, ಹಳಸಿದ ಸಾರು, ಕೆಟ್ಟು ನಿಂತ ಟ್ರ್ಯಾಕ್ಟರ್ ಹೀಗೆ ಒಂದಕ್ಕಿಂತ ಒಂದು. ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ, “ಹಾಕಲೇ, ಹೊರಗ ಹಾಕಲೇ!” ಎಂದು ಕುಸ್ತಿ ಕಣದಲ್ಲಿ ನಿಂತವರಂತೆ ಕೂಗಿದರು. ಒಬ್ಬ ಸದಸ್ಯ ಎಣಿಸುತ್ತಿದ್ದ: ಒಂಬತ್ತು, ಹತ್ತು, ಹನ್ನೊಂದು. ಮಲಕಾಜಪ್ಪನ ಬೆರಳು ಮರಗಟ್ಟಿದವು. ಸೋತರೆ ನಾಳೆ ಮುಂಜಾನೆಯ ಬಸ್ಸು, ಬಸ್ಸಿನಲ್ಲಿ ಡಬ್ಬಿ, ಡಬ್ಬಿಯಲ್ಲಿ ಆರಿದ ರೊಟ್ಟಿ. ಅದನ್ನು ನೆನೆದೊಡನೆ ಹೊಸ ಕಸುವು ಬಂದು ಹನ್ನೆರಡನೇ ಸಲ ಹೊಕ್ಕ. ಅತ್ತ ಶಾಂತಪ್ಪ ಸುಸ್ತಾಗಿ ಬೆರಳು ಕೊಡವಿಕೊಳ್ಳುತ್ತ ಕೂತಿದ್ದ.

ಕಡೆಗೆ ಅಧ್ಯಕ್ಷರು ತಾಳಲಾರದೆ ಫೋನು ಕಸಿದುಕೊಂಡು ತಿಕೋಟಾಕ್ಕೆ ಹಚ್ಚಿದರು. “ಸೋನಾಬಾಯಿ, ನಾ ಗುರಲಿಂಗಪ್ಪ ಮಾತಾಡಾಕತ್ತೀನಿ. ಕಂಪ್ಯೂಟರಿನ ವೈರ್ ಕಿತ್ತು ಒಗಿ!”

“ಹೌದ್ರಿ, ಕಿತ್ತು ಒಗದೀನ್ರಿ.”

ಎಲ್ಲರೂ ಪರದೆ ನೋಡಿದರು. ಮಲಕಾಜಪ್ಪ ಆಡಿಸಿದಂತೆ ಬಾಣ ಓಡಾಡುತ್ತಲೇ ಇತ್ತು.

“ಕಿತ್ರೂ ನಡದೈತಲ್ಲೋ!” ಅಧ್ಯಕ್ಷರ ಮೈಮೇಲೆ ಮುಳ್ಳೆದ್ದವು. “ಬಾಯಿ, ಆ ಕಂಪ್ಯೂಟರ್ ಎತ್ಕೊಂಡು ಹೋಗಿ ಹಿತ್ತಲ ಬಾವ್ಯಾಗ ಒಗಿ!”

“ಹೌದ್ರಿ.” ಸ್ವಲ್ಪ ಹೊತ್ತು ಬಿಟ್ಟು, “ಒಗದೀನ್ರಿ.”

“ಬಿತ್ತೇನು?”

“ಬಿತ್ರಿ. ದೊಡ್ಡ ಸಪ್ಪಳ ಆತ್ರಿ.”

ಪರದೆಯ ಮೇಲೆ ಬಾಣ ಹಾಯಾಗಿ ತಿರುಗುತ್ತಿತ್ತು. ಬಾವಿಗೆ ಬಿದ್ದ ಕಂಪ್ಯೂಟರ್ ನೀರಿನಲ್ಲಿ ಈಜುತ್ತ ಕೆಲಸ ಮಾಡುವುದನ್ನು ಕಂಡು ಮಾಶಾಬಿ ಕಿಟಕಿಯಿಂದ ಹಿಂದೆ ಸರಿದೇಬಿಟ್ಟಳು. ಹಿರಿಯ ಸದಸ್ಯರೊಬ್ಬರು ಕಂಪ್ಯೂಟರಿಗೆ ಕೈ ಮುಗಿದರು. ಆದರೆ ಗುರಲಿಂಗಪ್ಪನವರು ಮೂವತ್ತು ವರ್ಷ ಒಣದ್ರಾಕ್ಷಿ ದಲಾಲರ ಜೊತೆ ಮಾತಾಡಿ ಬಂದವರು. ಹೌದು ಎಂಬ ಮಾತಿನ ಒಳಗೆ ಏನಿದೆ, ಏನಿಲ್ಲ ಎಂದು ಮೂಸಿ ಹೇಳಬಲ್ಲವರು.

“ಸೋನಾಬಾಯಿ,” ಎಂದರು ಮೆತ್ತಗೆ. “ನಿನಗ ಯಾರೂ ಏನೂ ಅನ್ನಂಗಿಲ್ಲ. ಕಂಪ್ಯೂಟರ್ ಎಲ್ಲೈತೆವಾ?”

ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಬಂತು. “ಯಪ್ಪಾ, ಈ ಮಾತು ನೀವು ಮೊದ್ಲ ಕೇಳಬೇಕಿತ್ರಿ. ಚಾಲೂ ಐತಿ? ಹೌದ್ರಿ. ಲೈಟ್ ಹತ್ತೈತಿ? ಹೌದ್ರಿ. ಎಲ್ಲೈತಿ ಅಂತ ಯಾರೂ ಕೇಳಲೇ ಇಲ್ರಿ. ಅದು ಬಬಲೇಶ್ವರಕ್ಕ ಹೋಗಿ ಎರಡು ತಿಂಗಳಾತ್ರಿ. ಶಾಂತಪ್ಪನವ್ರು ದುಪ್ಪಡ್ಯಾಗ ಕಟ್ಕೊಂಡು ಒಯ್ದಾರ್ರಿ.”

ಅಧ್ಯಕ್ಷರು ಬಬಲೇಶ್ವರಕ್ಕೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

“ಶಾಂತಪ್ಪಾ, ನಿನ್ನ ಮುಂದಿರೂ ಕಂಪ್ಯೂಟರ್ ಯಾವೂರದು?”

“ಸಾಹೇಬ್ರ...” ಶಾಂತಪ್ಪ ರಾಗ ಎಳೆದ. “ಕೈಗಡಾ ತಂದೀನ್ರಿ. ನಾಳೆ ಕೊಡಾಂವ ಇದ್ನಿ.”

ಮಲಕಾಜಪ್ಪ ಪರದೆಯ ಮೇಲಿನ ಹಾಳೆಯನ್ನು ಮೇಲಿಂದ ಕೆಳಗೆ ಓದಿದ. ಬೀಗರು! ಮಗಳನ್ನು ಕೊಟ್ಟ ಮನೆಯ ಹಿರಿಯರು! ಅವರಿಗೆ ಹಳಸಿದ ಸಾರು ಎಂದದ್ದು ತಾನೇ. ಕಿಟಕಿಯಲ್ಲಿ ದಾನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

“ಬೀಗ್ರ,” ಎಂದ ಮಲಕಾಜಪ್ಪ ಕುಗ್ಗಿದ ದನಿಯಲ್ಲಿ, “ಮುದಿ ಕ್ವಾಣ ಅಂದದ್ದು ತಪ್ಪಾತ್ರಿ.”

“ಅದನ್ನ ನಾನ ಹೇಳಿಕೊಟ್ಟೀನಲ್ರಿ ಬೀಗ್ರ. ನೀವು ಬರೋಬ್ಬರಿ ಬರದೀರಿ,” ಎಂದ ಶಾಂತಪ್ಪ ಅಷ್ಟೇ ವಿನಯದಿಂದ. “ಕೆಟ್ಟ ಟ್ರ್ಯಾಕ್ಟರ್ ಅಂದದ್ದು ನಂದೂ ತಪ್ಪಾತ್ರಿ.”

“ಇರ್ಲಿ ಬಿಡ್ರಿ ಬೀಗ್ರ.”

“ನಿಮ್ಮ ದೊಡ್ಡ ಗುಣಾರಿ ಬೀಗ್ರ.”

ಮಲಕಾಜಪ್ಪ ಮೌಸಿನಿಂದ ಕೈ ತೆಗೆದು ಅಧ್ಯಕ್ಷರ ಮುಖ ನೋಡಿದ. ಮುಗಿಯಿತು. ಹೊಕ್ಕಿದ್ದು ತಿಕೋಟಾಕ್ಕಲ್ಲ, ಹಿಡಿದದ್ದು ಕಳ್ಳನನ್ನಲ್ಲ. ಕನಮಡಿಯ ಬಸ್ಸು ಹಾರ್ನ್ ಹೊಡೆಯುವುದು ಕಿವಿಗೇ ಕೇಳಿಸಿತು. ಆದರೆ ಗುರಲಿಂಗಪ್ಪನವರು ಹೊಟ್ಟೆ ಹಿಡಿದು ನಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಮಲಕಾಜಪ್ಪನ ಬೆನ್ನಿಗೆ ಪಟೀರನೆ ಬಡಿದರು.

“ಅಲ್ರೋ, ಏನ್ ಮಾರಿ ಸಣ್ಣದು ಮಾಡ್ಕೊಂಡು ಕುಂತೀರಿ? ಇಂವ ಗೆದ್ದಾನ! ತಿಕೋಟಾಕ್ಕ ಹೋಗು ಅಂದ್ರ ಬಬಲೇಶ್ವರಕ್ಕ ಹೋಗಿ ಬಂದಾನ! ಅಲ್ಲಿ ಕುಂತ ಕ್ಲಾರ್ಕನ್ನ ಇಲ್ಲಿಂದ ಹನ್ನೆರಡು ಸಲ ಹೊರಗ ಹಾಕ್ಯಾನ! ಇದಕ್ಕಿಂತ ದೊಡ್ಡ ಪರೀಕ್ಷಾ ಇನ್ನೇನು ಬೇಕು?”

ಸದಸ್ಯರಿಗೆ ಹೌದಲ್ಲ ಎನಿಸಿತು. ಭಲೇ, ಶಹಬ್ಬಾಸ್ ಎಂಬ ಕೂಗು ಎದ್ದಿತು. ದಾನೇಶ್ವರಿ ಸೆರಗು ಬಾಯಿಂದ ತೆಗೆದು ಓಣಿಯ ಕಡೆ ತಿರುಗಿ ನಿಂತಳು. ಮಲಕಾಜಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು. ಎದುರಿಗೆ ಬಿಸಿ ರೊಟ್ಟಿ, ಬೆಣ್ಣೆ, ಅರ್ಧ ತಾಸಿನ ನಿದ್ದೆ ಎಲ್ಲ ಸಾಲಾಗಿ ಬಂದು ಕೂತವು.

“ಇವತ್ತಿನಿಂದ ಮಲಕಾಜಪ್ಪ ನಮ್ಮ ಸಂಘದ ಕಂಪ್ಯೂಟರ್ ಸಾಹೇಬ!” ಅಧ್ಯಕ್ಷರು ಕೈ ಎತ್ತಿದರು. “ನನಗ ಇಷ್ಟು ದಿನ ಒಂದ ಚಿಂತಿ ಇತ್ತು. ಇಂವನ್ನ ಕಳಿಸಿದ್ರ ಇಲ್ಲೀ ಕೆಲಸ ಹ್ಯಾಂಗ ನಡೀತೈತಿ ಅಂತ. ಈಗ ಆ ಚಿಂತಿನೂ ಹೋತು. ಇಲ್ಲಿ ಕುಂತು ಬಬಲೇಶ್ವರದ ಕಂಪ್ಯೂಟರ್ ಓಡಸಾಂವಗ, ಕನಮಡ್ಯಾಗ ಕುಂತು ವಿಜಯಪುರದ್ದು ಓಡಸೂದು ಯಾವ ದೊಡ್ಡ ಮಾತು? ನಾಳೆ ಮುಂಜಾನಿ ಬಸ್ಸಿಗೇ ಹೋಗಲಿ!”

ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾತು ತಲೆಗೆ ಹೋಗುವ ಮುಂಚೆ ಮಲಕಾಜಪ್ಪನೂ ಎರಡು ಸಲ ತಟ್ಟಿಬಿಟ್ಟಿದ್ದ.